ಎರಡು ತುಂಡು ನಾಗ, ಒಂದು ಕ್ರಾಪು

ನಮ್ಮ ಮನೆಯಲ್ಲಿ ಏಳು ತಲೆಮಾರಿಗೆ ಜುಟ್ಟು ತೆಗೆಸಿ ಕ್ರಾಪು ಬಿಟ್ಟವ ನಾನೊಬ್ಬನೇ. ಕಾಸರಗೋಡಿನ ಸೆಲೂನಿನಲ್ಲಿ ಅರ್ಧ ದಿನ ಕೂತು ಮಾಡಿಸಿಕೊಂಡದ್ದು. ಸೋಮವಾರ ಹೈಸ್ಕೂಲು ಶುರು. ಆ ತಲೆಯನ್ನು ನೋಡದೆ ಹೈಸ್ಕೂಲಿನವರು ಇಷ್ಟು ವರ್ಷ ಹೇಗೆ ಪಾಠ ಮಾಡಿದ್ರೋ, ದೇವರಿಗೇ ಗೊತ್ತು.

ಶನಿವಾರ ಅಡೂರಿನ ಮೇಲಿನ ಕಾಡಿಗೆ ಸೊಪ್ಪಿಗೆ ಹೋಗಿದ್ದೆ. ಕೊಳೆತು ಕುಂಬಾದ ಮರದ ಅಡಿಯಲ್ಲಿ ಒಂದು ಹುಳ. ಗೇಣುದ್ದ, ಚಡ್ಡಿಯ ಲಾಡಿಯಷ್ಟು ದಪ್ಪ, ಕಪ್ಪು ಮೈಗೆ ಹಳದಿ ಗೆರೆ, ಮೈಯಿಡೀ ಲೋಳೆ. ತಲೆ ಮಾತ್ರ ಅರ್ಧಚಂದ್ರದ ಹಾಗೆ ಅಗಲ. ಒಂದು ಎರೆಹುಳವನ್ನು ಸುತ್ತಿಕೊಂಡು ಊಟ ಮಾಡ್ತಾ ಇತ್ತು. ಕತ್ತಿಯಲ್ಲಿ ಒಂದು ಕೊಟ್ಟೆ. ಎರಡು ತುಂಡಾಯ್ತು. ತೆಂಗಿನ ಗೆರಟೆಗೆ ಹಾಕಿ, ಮೇಲೆ ಎಲೆ ಮುಚ್ಚಿ ಮನೆಗೆ ತಂದೆ.

ಇಷ್ಟೇ ಹೇಳಿದ್ರೆ ಸಾಕಿತ್ತು. ಆದ್ರೆ ಅಂಗಳದಲ್ಲಿ ದೊಡ್ಡಪ್ಪನ ಮಕ್ಕಳು ನಾಲ್ಕು ಜನ ನಿಂತಿದ್ರು. ಅಷ್ಟು ಜನ ಕೇಳುವವರು ಇರುವಾಗ ಹುಳ ಕಡಿದೆ ಅಂತ ಹೇಳ್ಲಿಕ್ಕೆ ಯಾರಿಗೆ ಮನಸ್ಸು ಬರ್ತದೆ? "ಹೆಡೆ ಎತ್ತಿ ನಿಂತಿತ್ತು. ಬುಸ್ ಅಂದದ್ದಕ್ಕೆ ಕಾಡಿನ ಹಕ್ಕಿಗಳೆಲ್ಲ ಸುಳ್ಯಕ್ಕೆ ಹಾರಿಹೋದವು. ನಾನು ಒಂದೇ ಏಟು," ಅಂದೆ.

ಒಳಗಿಂದ ಅಜ್ಜಿ ಬಂದ್ರು. ಎಲೆ ಸರಿಸಿ ಆ ಅಗಲ ತಲೆ ನೋಡಿ ಅಲ್ಲೇ ಕೂತುಬಿಟ್ರು. "ನಾಗನ ಮರಿಯನ್ನು ಕೊಂದ್ಯಲ್ಲ, ಪಾಪಿ."

"ಅಜ್ಜೀ, ಅದು ಹುಳ. ನಾನು ಹೇಳಿದ್ದು ಸುಳ್ಳು."

"ಈಗ ಹೇಳುವುದು ಸುಳ್ಳು."

ಹುಟ್ಟಿದ ಮೇಲೆ ನಾನು ಹೇಳಿದ ಒಂದೇ ಒಂದು ಸತ್ಯ ಅದು. ಅದಕ್ಕೆ ಈ ಮರ್ಯಾದೆ.

ಅಪ್ಪ ಭಟ್ರಿಗೆ ಹೇಳಿಕಳಿಸಿದ್ರು. ಭಾನುವಾರ ಬೆಳಿಗ್ಗೆ ಭಟ್ರು ಜಗಲಿಯಲ್ಲಿ ಕೂತು, ಗೆರಟೆ ನೋಡದೆಯೇ ತೀರ್ಪು ಕೊಟ್ರು. "ಸರ್ಪಸಂಸ್ಕಾರ ಆಗ್ಬೇಕು. ಮನುಷ್ಯರು ಸತ್ತ ಹಾಗೆಯೇ. ಕೊಂದವ ತಲೆ ಬೋಳಿಸಿ ಕೂತ್ಕೊಳ್ಬೇಕು."

"ಸ್ವಲ್ಪವಾದ್ರೂ ಬಿಡ್ಲಿಕ್ಕೆ ಆಗ್ತದಾ?" ಅಂತ ಕೇಳಿದೆ.

"ಜುಟ್ಟು ಬಿಡ್ಬಹುದು ಮಾರಾಯ."

ಎಂತಾ ದೊಡ್ಡ ಮನಸ್ಸು ನೋಡಿ.

ಅಪ್ಪ ಕ್ಷೌರದವನನ್ನೂ ಕರೆಸಿದ್ರು. ಅವ ಅಂಗಳದ ಮೂಲೆಯಲ್ಲಿ ಕತ್ತಿ ಮಸೆಯುವಾಗ, ಭಟ್ರು ಶವ ನೋಡುವಾ ಅಂತ ಎಲೆ ಎತ್ತಿದ್ರು. ತಲೆ ಇದ್ದ ತುಂಡು ಗೆರಟೆಯ ಅಂಚು ಹತ್ತಿ ಪೂರ್ವಕ್ಕೆ ಹೊರಟಿತ್ತು. ತಲೆ ಇಲ್ಲದ ತುಂಡು, ಅದರ ಬಗ್ಗೆ ಏನೂ ಬೇಸರ ಇಲ್ಲದೆ, ಪಶ್ಚಿಮಕ್ಕೆ.

ಭಟ್ರು ಬಗ್ಗಿ ಎರಡು ತುಂಡನ್ನೂ ನೋಡಿದ್ರು. "ಇದರಲ್ಲಿ ಸತ್ತದ್ದು ಯಾವುದು?"

"ಯಾವುದೂ ಅಲ್ಲ ಭಟ್ರೇ. ಒಂದು ಇದ್ದದ್ದು ಎರಡಾಗಿದೆ. ನಾನು ಕೊಂದದ್ದಲ್ಲ, ಹೆರಿಗೆ ಮಾಡಿಸಿದ್ದು."

"ಸಾಯದ್ದಕ್ಕೆ ಸಂಸ್ಕಾರ ಇಲ್ಲ," ಅಂತ ಭಟ್ರು ಎದ್ರು. ನಾನು ಕಿಸೆಯಿಂದ ಬಾಚಣಿಗೆ ತೆಗೆದೆ.

ಆಗ ಅಜ್ಜಿ ಕಣ್ಣೊರೆಸಿ, ಗೆರಟೆಗೆ ಕೈ ಮುಗಿದ್ರು. "ನಾಗ ನನ್ನ ಮಾತು ನಡೆಸಿಕೊಟ್ಟ. ಇದನ್ನು ಬದುಕಿಸಿದ್ರೆ ಈ ಪುಳ್ಳಿಮಾಣಿಯ ಮುಡಿ ಕೊಡ್ತೇನೆ ಅಂತ ನಿನ್ನೆಯೇ ಹರಕೆ ಹೊತ್ತಿದ್ದೆ."

"ಎಷ್ಟು ಮುಡಿ ಅಂತ ಹೇಳಿದ್ದು ಅಜ್ಜೀ?"

"ಇದ್ದದ್ದೆಲ್ಲ."

ಕ್ಷೌರದವ ತಂಬಿಗೆಯ ನೀರನ್ನು ನನ್ನ ನೆತ್ತಿಗೆ ಸುರಿದ.