ಫರ್ನೇಸಿನವರ ಮಜ್ಜಿಗೆ

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫರ್ನೇಸಿನ ಮುಂದೆ ನಿಂತು ನನಗೆ ಏಳು ವರ್ಷವಾಗಿತ್ತು. ಯಂತ್ರಗಳ ಹಲ್ಲಿನ ಚಕ್ರಗಳನ್ನು, ಅಂದರೆ ಗೇರುಗಳನ್ನು, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವ ಕೆಲಸ. ಬೆವರಿನಲ್ಲಿ ಹೋದದ್ದು ಹೊಟ್ಟೆಗೆ ವಾಪಸು ಬರಲಿ ಅಂತ ನಮ್ಮ ವಿಭಾಗದವರಿಗೆ ದಿನಕ್ಕೆರಡು ಸಲ ಉಪ್ಪು ಮಜ್ಜಿಗೆ ಕೊಡುತ್ತಿದ್ದರು. ಕ್ಯಾಂಟೀನಿನ ಅಕ್ಕ ಸ್ಟೀಲ್ ಡ್ರಮ್ಮನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು ಸೌಟಿನಿಂದ ಅದಕ್ಕೆ ಟಣ್ ಟಣ್ ಎಂದು ಬಡಿದರೆ ಎಲ್ಲರೂ ಲೋಟ ಹಿಡಿದು ಸಾಲು ನಿಲ್ಲಬೇಕು. ಉಳಿದವರು ಒಂದು ಲೋಟ ಕುಡಿದು ಮೀಸೆ ಒರೆಸಿಕೊಂಡು ಹೋದರೆ ನಾನು ಮೂರು ಕುಡಿದು, ಮೇಲೊಂದಿಷ್ಟು ಉಪ್ಪನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕುತ್ತಿದ್ದೆ.

“ಏನಪ್ಪಾ ನೀನು, ನಮ್ಮನೆ ಮೇಕೆನೂ ಇಂಗೆ ನೆಕ್ಕಾಕಿಲ್ಲ” ಎಂದು ಬೈದುಕೊಂಡೇ ಅಕ್ಕ ಉಪ್ಪಿನ ಡಬ್ಬ ಮುಂದೆ ಹಿಡಿಯುತ್ತಿದ್ದರು. ನಾಗಸಂದ್ರದ ಹಳೇ ಊರಿನವರು ಅವರು.

ಆ ವರ್ಷ ನಾನು ಕಪ್ಪಾದೆ, ಸಣ್ಣಗಾದೆ. ಪ್ಯಾಂಟು ನಿಲ್ಲಲು ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಹೊಡೆದೆ. ಕೂತವನು ಎದ್ದರೆ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. “ಮದುವೆ ಫೋಟೋದಲ್ಲಿ ನನ್ನ ಪಕ್ಕ ಇರೋರು ಯಾರು ರೀ?” ಎಂದು ಹೆಂಡತಿ ಕೇಳುತ್ತಿದ್ದಳು. ಏನು ಕೇಳಿದರೂ ಎಲ್ಲರ ಬಳಿ ಒಂದೇ ಉತ್ತರ: ಫರ್ನೇಸು. ಚಿಕ್ಕಬಾಣಾವರದ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ವೀಕ್‌ನೆಸ್ ಅಂದು ಒಂದು ಬಾಟಲಿ ಡ್ರಿಪ್ ಏರಿಸುತ್ತಿದ್ದರು. ಎರಡು ದಿನ ಗೂಳಿಯ ಹಾಗೆ ಓಡಾಡುತ್ತಿದ್ದೆ, ಮೂರನೇ ದಿನ ಮತ್ತೆ ಚಾಪೆ. ನನ್ನ ಪ್ರಾಣ ಸೋರಿಹೋಗುತ್ತಿದೆ ಅನ್ನುವುದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬಡ್ತಿ ಬಂತು. ತಯಾರಾದ ಗೇರುಗಳನ್ನು ಅಳೆದು ನೋಡುವ ಇನ್‌ಸ್ಪೆಕ್ಷನ್ ರೂಮು. ಗಾಜಿನ ಗೋಡೆ, ಎಸಿ, ಮೊಣಕಾಲಿನವರೆಗೆ ಬಿಳಿ ಕೋಟು. ಮೊದಲ ದಿನ ಕೋಟಿನ ಜೇಬಿಗೆ ಒಂದಲ್ಲ, ಎರಡು ಪೆನ್ನು ಸಿಕ್ಕಿಸಿಕೊಂಡು ಹೋಗಿದ್ದೆ. ಇನ್ನಾದರೂ ಗಂಡ ಬೆಳ್ಳಗಾಗುತ್ತಾನೆ ಎಂದು ಹೆಂಡತಿ ಖುಷಿಪಟ್ಟಳು.

ಹನ್ನೊಂದಕ್ಕೆ ಗಾಜಿನಾಚೆ ಟಣ್ ಟಣ್ ಕೇಳಿಸಿತು. ಬಾಯಲ್ಲಿ ನೀರೂರಿತು, ನಿಜ. ಆದರೆ ಬಿಳಿ ಕೋಟು ಹಾಕಿಕೊಂಡು ಹಳೇ ದೋಸ್ತಿಗಳ ಜೊತೆ ಲೋಟ ಹಿಡಿದು ನಿಲ್ಲುವುದು ಹೇಗೆ? “ಏನ್ ಗುರು, ಎಸೀಲೂ ಬೆವರ್ತೀಯಾ?” ಅನ್ನುವುದಿಲ್ಲವೇ? ಮಷೀನಿನ ಟೀ ಹಿಡಿದುಕೊಂಡು ದೊಡ್ಡ ಮನುಷ್ಯನ ಗತ್ತಿನಲ್ಲಿ ಕುಡಿದೆ.

ತಿಂಗಳು ತುಂಬುವುದರೊಳಗೆ ಮೆಟ್ಟಿಲು ಹತ್ತಲಾರದವನಾದೆ. ತಿಂದದ್ದೆಲ್ಲ ವಾಂತಿ. ಬಣ್ಣ ತಿಳಿಯಾಗುವುದಿರಲಿ, ಇನ್ನಷ್ಟು ಗಾಢವಾಯಿತು. ಒಂದು ಬೆಳಿಗ್ಗೆ ಗೇರು ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಬಿದ್ದೆ.

ದೊಡ್ಡಾಸ್ಪತ್ರೆಯಲ್ಲಿ ನರ್ಸು ಬಿಪಿ ಯಂತ್ರವೇ ಕೆಟ್ಟಿದೆಯೆಂದು ಬೇರೆ ತಂದು ನೋಡಿದರು. ಅದರಲ್ಲೂ ಅಷ್ಟೇ ಕಡಿಮೆ. ರಕ್ತದಲ್ಲಿ ಸೋಡಿಯಂ ಇಳಿದಿತ್ತು, ಪೊಟ್ಯಾಷಿಯಂ ಏರಿತ್ತು. ಡಾಕ್ಟರ್ ಮೇಡಂ ನನ್ನ ಅಂಗೈಯ ಗೆರೆಗಳನ್ನು ಜ್ಯೋತಿಷಿಯ ಹಾಗೆ ನೋಡಿದರು, ಆಮೇಲೆ ತುಟಿ ಎತ್ತಿಸಿದರು. ಗೆರೆಗಳೂ ಕಪ್ಪು, ಒಸಡೂ ಕಪ್ಪು.

“ಫರ್ನೇಸಿನ ಬಿಸಿಗೆ, ಮೇಡಂ” ಎಂದೆ.

“ಫರ್ನೇಸ್ ಮುಂದೆ ಹಲ್ಲು ಕಿರ್ಕೊಂಡ್ ನಿಂತಿರ್ತಿದ್ರಾ?”

ಮಲಗಿದ್ದಲ್ಲೇ ನಕ್ಕುಬಿಟ್ಟೆ. ಅವರು ನಗಲಿಲ್ಲ. ಪರೀಕ್ಷೆಗೆ ರಕ್ತ ತೆಗೆದುಕೊಂಡು, ರಿಪೋರ್ಟಿಗೆ ಕಾಯದೆ ಇಂಜೆಕ್ಷನ್ ಕೊಟ್ಟು ಸಲೈನ್ ಹಾಕಿಸಿದರು. ಸಂಜೆಗೆ ನನಗೆ ಹಸಿವಾಯಿತು. ಹಸಿವನ್ನು ನಾನು ಮರೆತೇಬಿಟ್ಟಿದ್ದೆ.

ಎರಡೂ ಕಿಡ್ನಿಗಳ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೆಲಸ ನಿಲ್ಲಿಸಿವೆ ಎಂದರು. ಮೈ ಕಪ್ಪಾದದ್ದೂ ಅದರಿಂದಲೇ ಅಂತೆ. ಮೈಯಲ್ಲಿ ಉಪ್ಪು ನಿಲ್ಲಿಸಿಕೊಳ್ಳುವುದಕ್ಕೂ, ಜ್ವರ ಬಂದರೆ ತಡೆದುಕೊಳ್ಳುವುದಕ್ಕೂ ಬೇಕಾದ ಹಾರ್ಮೋನು ಅಲ್ಲೇ ತಯಾರಾಗಬೇಕಂತೆ. ಇನ್ನು ಅದನ್ನು ಮಾತ್ರೆಯಾಗಿ ನುಂಗಬೇಕು, ಬದುಕಿರುವವರೆಗೂ. ಎದ್ದ ಕೂಡಲೇ ಹೆಚ್ಚು, ಮಧ್ಯಾಹ್ನ ಕಡಿಮೆ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಕೊಟ್ಟು ನೇರ ಆಸ್ಪತ್ರೆಗೆ. ಜೇಬಿನಲ್ಲಿ ಸದಾ ಕಾಯಿಲೆಯ ಹೆಸರು ಬರೆದ ಕಾರ್ಡು. ಹೆಂಡತಿ ಎಲ್ಲವನ್ನೂ ಬರೆದು ದೇವರ ಪಟದ ಪಕ್ಕ ಅಂಟಿಸಿದಳು. ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಇಂಜೆಕ್ಷನ್ ಕಲಿತಳು. ಅಷ್ಟು ಉತ್ಸಾಹದಿಂದ ಚುಚ್ಚುವುದನ್ನು ನೋಡಿ ನನಗೆ ಸ್ವಲ್ಪ ಭಯವೂ ಆಯಿತು.

ಆಸ್ಪತ್ರೆಯಿಂದ ಹೊರಡುವ ದಿನ ಮಜ್ಜಿಗೆಯ ಕತೆ ಹೇಳಿದಾಗ ಮೇಡಂ ಪೆನ್ನು ಕೆಳಗಿಟ್ಟರು. “ಉಪ್ಪು ಇದಕ್ಕೆ ಔಷಧಿ ಅಲ್ಲ. ಆದ್ರೆ ನಿಮ್ಮನ್ನ ಇಷ್ಟು ದಿನ ಎಳ್ಕೊಂಡು ಬಂದಿದ್ದು ಅದೇ ಇರ್ಬೇಕು. ಯಾಕೆ ಬಿಟ್ರಿ?”

“ಎಸಿ ರೂಮಿನವರಿಗೆ ಕೊಡಲ್ಲ, ಮೇಡಂ” ಎಂದೆ. ಸುಳ್ಳು. ನಾನು ಕೇಳಿಯೇ ಇರಲಿಲ್ಲ.

ಕೆಲಸಕ್ಕೆ ಮರಳಿದ ದಿನ ಹನ್ನೊಂದಕ್ಕೆ ಕೋಟಿನ ಸಮೇತ ಸಾಲಿನಲ್ಲಿ ನಿಂತೆ. ಯಾರೂ ಏನೂ ಅನ್ನಲಿಲ್ಲ, ಒಬ್ಬ ಸರಿದು ಜಾಗ ಕೊಟ್ಟ. ಅಕ್ಕನಿಗೆ ಎಲ್ಲವನ್ನೂ ಹೇಳಿದೆ, ನಿಮ್ಮ ಮಜ್ಜಿಗೆಯೇ ನನ್ನನ್ನು ಉಳಿಸಿದ್ದು ಅಂತಲೂ ಹೇಳಿದೆ. ಹಿಗ್ಗುತ್ತಾರೆ ಅಂದುಕೊಂಡಿದ್ದೆ. ಅವರು ಡ್ರಮ್ಮಿನೊಳಗೆ ಸೌಟು ತಿರುಗಿಸುತ್ತಾ ನಿಂತರು.

“ನೀನು ಒಳಗೋದ್ ಮ್ಯಾಲೆ ಒಂದು ವಾರ ನಿನ್ ಪಾಲು ಎತ್ತಿಟ್ಟಿದ್ದೆ ಕಣಪ್ಪಾ. ಗಾಜಿನ್ ಅತ್ರಕ್ಕೇ ಗಾಡಿ ತಂದು ಬಡ್ದೆ. ನೀನು ನೋಡ್ದೆ. ನೋಡ್ಬುಟ್ಟು ತಲೆ ಬಗ್ಗಿಸ್ಕೊಂಡೆ.”

“ಹೌದಕ್ಕ, ನೋಡಿದ್ದೆ” ಎಂದೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅವರು ಲೋಟ ತುಂಬಿಸಿ, ಉಪ್ಪಿನ ಡಬ್ಬ ಮುಂದೆ ಹಿಡಿದು, ಫಕ್ಕನೆ ಹಿಂದಕ್ಕೆಳೆದುಕೊಂಡರು. “ಮದ್ಲು ಮಾತ್ರೆ ನುಂಗಿದ್ದೀಯೋ ಇಲ್ವೋ, ಅದ್ನೇಳು.”

ಅಕ್ಕ ಕೆಲಸ ಬಿಡುವವರೆಗೂ ಇದೇ ನಡೆಯಿತು. ಗಾಡಿ ಗಾಜಿನ ಮುಂದೆ ನಿಂತು ಟಣ್ ಟಣ್ ಅನ್ನುತ್ತಿತ್ತು. ನಾನು ತಲೆ ಎತ್ತಿ ಮಾತ್ರೆಯ ಸ್ಟ್ರಿಪ್ಪು ತೋರಿಸಿ, ಲೋಟ ಹಿಡಿದು ಹೊರಗೆ ಬರುತ್ತಿದ್ದೆ.