ಕೊಬ್ಬರಿ ಅಟ್ಟದಲ್ಲಿ ಗಂಟಲು ತಪಾಸಣೆ

ಗುಬ್ಬಿಯ ಡಾಕ್ಟರ್ ಅಂಜಿನಪ್ಪನವರ ಎದುರು ಯಾರೂ ಆಕಳಿಸುವುದಿಲ್ಲ. ತುಮಕೂರಿನಿಂದ ಕುಣಿಗಲ್‌ವರೆಗೆ ಈ ಎಚ್ಚರಿಕೆ ಹಬ್ಬಿದೆ. ಬಾಯಿ ತೆರೆದರೆ ಸಾಕು, ಅವರ ಜೇಬಿನ ಟಾರ್ಚು ತಾನೇ ಹೊತ್ತಿಕೊಳ್ಳುತ್ತದೆ ಎನ್ನುತ್ತಾರೆ. ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ಬಾಯಿ ಬಿಟ್ಟವನೊಬ್ಬ, ಗಂಟಲೊಳಗೆ ಬೆಳಕು ಬಿದ್ದು ತಿನ್ನುವುದನ್ನೇ ಮರೆತನಂತೆ. ಹೆಣ್ಣು ನೋಡಲು ಹೋದಾಗ ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದ್ದು ಹಾಡಿನ ಆಸೆಗಲ್ಲ, ಟಾನ್ಸಿಲ್ ನೋಡಲಿಕ್ಕೆ ಎಂದು ಅವರ ಹೆಂಡತಿಯೇ ಸಾಕ್ಷಿ ಹೇಳುತ್ತಾರೆ.

ಇಂಥ ಮಹಾವೀರರ ವೈರಿ ಕಣ್ಣಿಗೇ ಕಾಣದಷ್ಟು ಚಿಕ್ಕದು: ಮಕ್ಕಳ ಗಂಟಲಲ್ಲಿ ಕೂತು, ಬಿಟ್ಟರೆ ಮುಂದೆ ಹೃದಯಕ್ಕೇ ಕೈ ಹಾಕುವ ಒಂದು ಬ್ಯಾಕ್ಟೀರಿಯಾ. ಔಷಧಿಯ ಕೋರ್ಸ್ ಮುಗಿದ ಮೇಲೂ ಅದು ಅಲ್ಲೇ ಅಡಗಿರುತ್ತದೆಯೇ ಎಂಬುದು ಅವರ ಸಂಶೋಧನೆ. ಇನ್ನೂರು ಮಕ್ಕಳು, ಒಬ್ಬೊಬ್ಬರ ಗಂಟಲಿಗೂ ಔಷಧಿಗೆ ಮೊದಲೊಮ್ಮೆ, ಆಮೇಲೊಮ್ಮೆ ಹತ್ತಿಯ ಕಡ್ಡಿ ಆಡಿಸಿ, ತುಮಕೂರು ಪಕ್ಕದ ಮರಳೂರಿನ ಲ್ಯಾಬಿನಲ್ಲಿ ಪರೀಕ್ಷೆ. ಮೂರು ವರ್ಷದಲ್ಲಿ ನೂರ ತೊಂಬತ್ತೊಂಬತ್ತು ಮುಗಿದಿತ್ತು. ಉಳಿದವಳು ಹುಲಿಯೂರುದುರ್ಗದ ಹತ್ತಿರದ ಹಳ್ಳಿಯ ಅಕ್ಷತಾ, ಏಳು ವರ್ಷ. ಮೊದಲ ಕಡ್ಡಿ ಸ್ಕೂಲಿನಲ್ಲೇ ಆಗಿತ್ತು. ಎರಡನೆಯದು ಇವತ್ತೇ ಆಗಬೇಕು, ಇವತ್ತೇ ಲ್ಯಾಬು ಸೇರಬೇಕು. ತಪ್ಪಿದರೆ ಮಗು ಪಟ್ಟಿಯಿಂದ ಬಿದ್ದುಹೋಗುತ್ತದೆ. ಅವಳ ಗಂಟಲಿನ ರೋಗಾಣು ಹೋಯಿತೋ ಇಲ್ಲವೋ ತಿಳಿಯುವುದೂ ಇಲ್ಲ.

ಅಕ್ಷತಾಳ ಅಜ್ಜಿ ಸಿದ್ದಗಂಗಮ್ಮನವರ ಮನೆಯಲ್ಲಿ ಕೆಲಸ ಸಲೀಸಾಗಿಯೇ ಆಯಿತು. ಮಗು ಬಾಯಿ ತೆರೆಯಿತು, ಡಾಕ್ಟರು ಏನೋ ಗೊಣಗುತ್ತ ಕಡ್ಡಿ ತಿರುಗಿಸಿದರು, ಮಗು ವ್ಯಾಕ್ ಎಂದಿತು. ಕಡ್ಡಿಯನ್ನು ಪ್ಲಾಸ್ಟಿಕ್ ಕೊಳವೆಗೆ, ಕೊಳವೆಯನ್ನು ಐಸ್ ಡಬ್ಬಿಗೆ ಹಾಕಿ ಹಿತ್ತಲಿಗೆ ಕೈ ತೊಳೆಯಲು ಹೋದರು. ಬರುವಷ್ಟರಲ್ಲಿ ಮನೆ ತುಂಬ ಸುಟ್ಟ ನಾತ. ಕೊಳವೆ ಒಲೆಯಲ್ಲಿತ್ತು.

ಸಿದ್ದಗಂಗಮ್ಮನವರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. ಮಗುವಿನ ಎಂಜಲು ತೆಗೆದರೆ ಅದು ದೃಷ್ಟಿ ತೆಗೆದಂತೆ. ಉಪ್ಪು ಮೆಣಸಿನಕಾಯಿಗೆ ಉಗಿಸಿ ಒಲೆಗೆ ಹಾಕುವ ಹಾಗೆ ಇದನ್ನೂ ಹಾಕಬೇಕು. ಡಬ್ಬಿಯಲ್ಲಿಟ್ಟು ಮನೆಗೆ ಒಯ್ಯುವುದುಂಟೇ?

"ನಿಮ್ಮನೇಲೂ ಮಕ್ಳವ್ರೆ ಕಣ್ ಸ್ವಾಮಿ, ಈ ಪೀಡೇನ ಯಾಕೆ ಹೊತ್ಕೊಂಡೋಗ್ತೀರ? ನಾತ ನೋಡಿ, ಊರಿನ ಕಣ್ಣೆಲ್ಲ ಇವಳ ಮ್ಯಾಲೇ ಇತ್ತು," ಎಂದರು.

ಡಾಕ್ಟರು ಗೋಡೆ ಹಿಡಿದು ಕೂತರು. ಉಳಿದದ್ದು ಒಂದೇ ಕಡ್ಡಿ, ಒಂದೇ ಕೊಳವೆ. ಕುಣಿಗಲ್ ಬಸ್ಸಿಗೆ ಅರ್ಧ ಗಂಟೆ. ಇನ್ನೊಮ್ಮೆ ಎಂದ ಕೂಡಲೇ ಅಕ್ಷತಾ ಏಣಿ ಹತ್ತಿ ಕೊಬ್ಬರಿ ಅಟ್ಟ ಸೇರಿದಳು. ಒಣಗಲು ಹಾಕಿದ ಸಾವಿರ ತೆಂಗಿನಕಾಯಿಯ ಕೋಟೆ ಅದು. ಹತ್ತಿರ ಬಂದರೆ ಒಂದೊಂದಾಗಿ ಉರುಳಿಸುತ್ತೇನೆ ಎಂಬ ಘೋಷಣೆಯೂ ಆಯಿತು. ಆದರೂ ನಮ್ಮ ವೀರರು ಐವತ್ತೆರಡು ವರ್ಷದ ಮಂಡಿಗಳನ್ನು ಸಮಾಧಾನಪಡಿಸುತ್ತ, ಟಾರ್ಚನ್ನು ಕತ್ತಿಯಂತೆ ಹಿಡಿದು ಏಣಿ ಏರಿದರು. ಅರ್ಧದಲ್ಲಿ ಸಂಧಾನ ಶುರುವಾಯಿತು. ಚಾಕೊಲೇಟು ಬೇಡವೆಂದಳು. ಪೆನ್ನೂ ಬೇಡವೆಂದಳು.

"ಮೊದ್ಲು ನೀವು ಆ ಅನ್ನಿ."

ಸಾವಿರಾರು ಬಾಯಿ ತೆರೆಸಿದವರು ತಮ್ಮದನ್ನು ತೆರೆದದ್ದು ಅದೇ ಮೊದಲು. ಅಕ್ಷತಾ ಅವರದೇ ಟಾರ್ಚಿನ ಬೆಳಕು ಬಿಟ್ಟು ಸಾವಕಾಶವಾಗಿ ನೋಡಿದಳು.

"ಅಜ್ಜೀ, ಇವ್ರಿಗೆ ಹಿಂದ್ಗಡೆ ಹಲ್ಲೇ ಇಲ್ಲ ಕಣಜ್ಜಿ," ಎಂದು ವರದಿ ಒಪ್ಪಿಸಿ, ತೃಪ್ತಿಯಿಂದ ತನ್ನ ಬಾಯಿ ತೆರೆದಳು. ಡಾಕ್ಟರು ಮತ್ತೆ ಗೊಣಗುತ್ತ ಕಡ್ಡಿ ತಿರುಗಿಸಿದರು.

ಕೊಳವೆ ಈ ಸಲ ಅವರ ಮುಷ್ಟಿಯಲ್ಲೇ ಇಳಿದು ಡಬ್ಬಿ ಸೇರಿತು. ಆದರೆ ಬಾಗಿಲಿಗೆ ಅಡ್ಡ ಸಿದ್ದಗಂಗಮ್ಮ. ಎಂಜಲು ಹೊಸ್ತಿಲು ದಾಟಬೇಕಾದರೆ ಹೊತ್ತವರಿಗೂ ದೃಷ್ಟಿ ತೆಗೆಯಬೇಕಂತೆ. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹೆಸರಿನ ಹಿಂದೆ ಮೂರು ಡಿಗ್ರಿ ಹೊತ್ತವರು ಪೂರ್ವಕ್ಕೆ ಮುಖ ಮಾಡಿ ನಿಂತು, ಉಪ್ಪು ಮೆಣಸಿನಕಾಯಿಗೆ ಥೂ ಥೂ ಥೂ ಎಂದು ಉಗಿದು, ಡಬ್ಬಿ ತಬ್ಬಿಕೊಂಡು ಓಡಿದರು. ಬಸ್ಸು ಸಿಕ್ಕಿತು.

ಮೂರನೇ ದಿನ ಡಾಕ್ಟರು ಫೋನು ಮಾಡಿ, ಅಕ್ಷತಾಳ ಗಂಟಲಲ್ಲಿ ರೋಗಾಣು ಇಲ್ಲ, ಇನ್ನೂರೂ ಮುಗಿಯಿತು ಎಂದರು. ಸಿದ್ದಗಂಗಮ್ಮನವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಷ್ಟರಲ್ಲಿ ಊರಲ್ಲಿ ಡಾಕ್ಟರ ಕಡ್ಡಿ ದೃಷ್ಟಿ ತೆಗೆಯುತ್ತದೆಂಬ ಖ್ಯಾತಿ ಹಬ್ಬಿ, ಹಾಲು ಬತ್ತಿದ ಎಮ್ಮೆಯನ್ನೂ ಹೊಸ ಟ್ರ್ಯಾಕ್ಟರನ್ನೂ ಅವರ ಮುಂದೆ ನಿಲ್ಲಿಸಲು ಜನ ತಯಾರಾಗಿದ್ದರು. ಆಕೆ ದನಿ ತಗ್ಗಿಸಿದರು.

"ಕಡ್ಡಿ ತಿರುಗಿಸುವಾಗ ಎರಡು ಸಲಾನೂ ಏನೋ ಗೊಣಗ್ತಿದ್ರಲ್ಲ, ಅದ್ಯಾವ ಮಂತ್ರ ಅಂತ ನಂಗೊಬ್ಬಳಿಗಾದ್ರೂ ಹೇಳಿ ಸ್ವಾಮಿ."

"ಕಚ್ಬೇಡ ಕಣವ್ವ, ಕಚ್ಬೇಡ ಕಣವ್ವ ಅಂತಿದ್ದೆ," ಎಂದರು ಅಂಜಿನಪ್ಪ.