ಎಡಕ್ಕೇ ಬೀಳುತ್ತಿದ್ದ ಬಾಣ

ಎಮಿಲಿಯಾನಾಗೆ ಸಿಟ್ಟು ಬಂದರೆ ಮಾನಿಕಿ ಹೊಳೆಯ ಮೀನುಗಳು ಆಚೆ ದಡಕ್ಕೆ ಸರಿದು ನಿಲ್ಲುತ್ತಿದ್ದವಂತೆ. ಇದರಲ್ಲಿ ಅರ್ಧ ಸುಳ್ಳು. ಮೀನುಗಳು ಸರಿಯುತ್ತಿದ್ದುದು ನಿಜ, ಅಷ್ಟು ದೂರ ಹೋಗುತ್ತಿರಲಿಲ್ಲ. ಅವತ್ತೊಂದು ದಿನ ಮಾತ್ರ ಆಚೆ ದಡ ಹತ್ತಿ ಕಾಡಿಗೇ ನುಗ್ಗಿರಬೇಕು. ಅವತ್ತು ಬೆಳಿಗ್ಗೆ ಅವಳು ಒಬ್ಬಳೇ ದೋಣಿ ಹತ್ತಿ ಮೂರು ತಿರುವು ಕೆಳಗಿದ್ದ ತಮ್ಮನ ಮನೆಗೆ ಹೊರಟಿದ್ದಳು. ಹುಟ್ಟು ಹಾಕುತ್ತಿದ್ದಳೋ ಹೊಳೆಗೆ ಹೊಡೆಯುತ್ತಿದ್ದಳೋ ಹೇಳುವುದು ಕಷ್ಟ.

ತಮ್ಮನ ಹೆಸರು ಸೆಲೆಸ್ತಿನೋ. ಎಮಿಲಿಯಾನಾ ತನ್ನ ಒಬ್ಬಳೇ ಮಗಳು ನೆಮೆಸಿಯಾಳನ್ನು ಅವನ ಮಗ ಲೋರ್ಹಿಯೋಗೇ ಕೊಟ್ಟಿದ್ದಳು. ಸೋದರತ್ತೆ ಮಗಳು, ಸೋದರಮಾವನ ಮಗ. ಇದಕ್ಕಿಂತ ಸರಿಯಾದ ಜೋಡಿ ಹೊಳೆಯುದ್ದಕ್ಕೂ ಇರಲಿಲ್ಲ. ಆದರೆ ಎರಡು ತಿಂಗಳಿಂದ ಲೋರ್ಹಿಯೋ ಬಿಟ್ಟ ಬಾಣ ಒಂದು ಪ್ರಾಣಿಗೂ ತಾಗಿರಲಿಲ್ಲ. ಬೇಟೆಗಾರನ ಬಾಣ ಹಾಗೆ ತಪ್ಪತೊಡಗಿದರೆ ಆ ಹೊಳೆ ದಂಡೆಯ ಚಿಮಾನೆ ಜನರೆಲ್ಲ ಮೊದಲು ನೋಡುವುದು ಅವನ ಹೆಂಡತಿಯ ಮುಖವನ್ನು. ಅವಳು ಎಲ್ಲೋ ಜಾರಿದ್ದಾಳೆ, ಅದಕ್ಕೇ ಕಾಡಿನ ಒಡೆಯರು ಮುನಿದು ಪ್ರಾಣಿಗಳನ್ನು ಬಚ್ಚಿಡುತ್ತಿದ್ದಾರೆ, ಅಷ್ಟೇ. ಛಾವಣಿಗೆ ಹೆಣೆದ ಎಲೆ ಕೊಳ್ಳಲು ಬರುವ ದೋಣಿಯವನ ಮಾತಿಗೆ ನೆಮೆಸಿಯಾ ಒಮ್ಮೆ ನಕ್ಕಿದ್ದಳಂತೆ. ಅದೂ ಸೇರಿಕೊಂಡಿತು. ಈ ಗಡಿಗೆಯ ಶೋಕ್ದೆ, ಅಂದರೆ ಮರಗೆಣಸಿನ ಹೆಂಡ, ಮುಗಿಯುವಷ್ಟರಲ್ಲಿ ಸೊಸೆಯನ್ನು ವಾಪಸು ಕಳಿಸುತ್ತೇನೆ ಅಂತ ಸೆಲೆಸ್ತಿನೋ ನಾಲ್ಕು ಮನೆಗೆ ಹೇಳಿ ಕಳಿಸಿದ್ದ. ಆ ಹೆಸರು ಹೊತ್ತು ತವರಿಗೆ ಬಂದವಳನ್ನು ಇನ್ನಾರು ಚಾಪೆ ಹಾಸಿ ಕೂರಿಸುತ್ತಾರೆ?

ಎಮಿಲಿಯಾನಾಳ ಗಂಡ ಸಾಂತೋಸ್ ಸತ್ತು ಎರಡು ಮಳೆಗಾಲ ಆಗಿತ್ತು. ಅವನಂತೆ ಬಾಣ ಮಾಡುವವನು ಹುಟ್ಟಿರಲಿಲ್ಲ. ಅವನ ಬಾಣ ಹಂದಿಯನ್ನು ತೂರಿ, ಹಿಂದಿನ ಮರ ತೂರಿ, ಮರದ ಹಿಂದೆ ನಿಂತ ಇನ್ನೊಂದು ಹಂದಿಯ ಮುಂದೆ ಬಿದ್ದು ಅದನ್ನು ನಾಚಿಸಿ ಸಾಯಿಸುತ್ತಿತ್ತು ಎಂದು ಸಾಂತೋಸನೇ ಹೇಳುತ್ತಿದ್ದ. ಅವನ ಬಲಗೈಯಲ್ಲಿ ಮೂರು ಬೆರಳು ಇರಲಿಲ್ಲ. ಕುಡಿದಾಗ ಅವನ್ನು ಚಿರತೆ ತಿಂದಿತ್ತು, ಕುಡಿಯದಿದ್ದಾಗ ಮೀನು. ನಿಜ ಕೇಳಿದರೆ ಕೊಡಲಿ. ಮದುವೆಯಾದ ಮೂರನೇ ವರ್ಷ ದೋಣಿ ಕೆತ್ತುವಾಗ ಜಾರಿತ್ತು.

ಬೆರಳು ಹೋದ ಮೇಲೆ ಅವನ ಕೈಗೆ ಬಾಣಕ್ಕೆ ಆರಿಸುವ ಜೊಂಡಿನ ಮನಸ್ಸು ತಿಳಿಯದಾಯಿತು. ಬಾಣ ಅಂದರೆ ಕೋಲಿಗೆ ಗರಿ ಕಟ್ಟುವುದಲ್ಲ. ಹೆದೆ ಬಿಟ್ಟ ಕೂಡಲೇ ಬಾಣ ಹಾವಿನ ಹಾಗೆ ಬಳುಕಿ, ಬಿಲ್ಲನ್ನು ಬಳಸಿಕೊಂಡು ಮುಂದೆ ಹೋಗಬೇಕು. ಬಿಗಿ ಬಿಲ್ಲಿಗೆ ಸೆಟೆದ ಜೊಂಡು, ಸಡಿಲ ಬಿಲ್ಲಿಗೆ ಬಳುಕುವ ಜೊಂಡು, ತೂಕವೂ ಅದಕ್ಕೆ ತಕ್ಕಂತೆ. ಸಡಿಲ ಬಿಲ್ಲಿಗೆ ಸೆಟೆದ ಬಾಣ ಹೂಡಿದರೆ ಅದು ಬಳುಕದೆ ಬಿಲ್ಲಿಗೆ ಒರಗಿ ಎಡಕ್ಕೆ ಸಿಡಿಯುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಕೈಗೇ ತಿಳಿಯಬೇಕು.

ಕೈ ಇದ್ದದ್ದು ಎಮಿಲಿಯಾನಾಗೆ. ಹೆಂಗಸು ಬಿಲ್ಲು ಬಾಣ ಮುಟ್ಟಿದರೆ ಅದು ಕೆಟ್ಟಿತು ಅನ್ನುವ ಊರಿನಲ್ಲಿ ಗಂಡ ಹೆಂಡತಿ ಮನೆಯ ಹಿಂದಿನ ಬಾಳೆಯ ಮರೆಯಲ್ಲಿ ಕೂರುತ್ತಿದ್ದರು. ಅವಳು ಜೊಂಡನ್ನು ಮಂಡಿಗೆ ಒತ್ತಿ ಬಗ್ಗಿಸುವಳು, ಬೆರಳ ಮೇಲಿಟ್ಟು ತೂಗುವಳು.

"ಇದು?" ಎನ್ನುವನು ಸಾಂತೋಸ್.

"ಸೆಟೆದಿದೆ, ನಿಮ್ಮಪ್ಪನ ಹಾಗೆ."

"ಇದು?"

"ಸರಿ. ಇಡು."

ಮೂವತ್ತೆಂಟು ವರ್ಷ ಹೀಗೇ ನಡೆಯಿತು. ಹೊಳೆಯ ಮೇಲೂ ಕೆಳಗೂ 'ಸಾಂತೋಸನ ಬಾಣ' ಅಂತ ಹೆಸರಾಯಿತು. ಎಮಿಲಿಯಾನಾ ಪಕ್ಕದಲ್ಲಿ ಕೂತು ಹತ್ತಿ ನೂಲುತ್ತಾ ಆ ಹೊಗಳಿಕೆ ಕೇಳಿಸಿಕೊಂಡಳು. ಅಂದಿನಿಂದ ನುಂಗಿದ ಸಿಟ್ಟೆಲ್ಲ ಹೊಟ್ಟೆಯಲ್ಲಿ ಹುದುಗುತ್ತಾ ಕೂತಿತ್ತು.

ತಮ್ಮನ ಅಂಗಳದಲ್ಲಿ ಏಳೆಂಟು ಗಂಡಸರು ಚಾಪೆಯ ಮೇಲೆ ಕೂತಿದ್ದರು. ಅವರವರ ಬಿಲ್ಲು ಬಾಣ ಬೇಲಿಗೆ ಒರಗಿಸಿದ್ದವು. ನೆಮೆಸಿಯಾ ಸೋರೆ ಬುರುಡೆಯಲ್ಲಿ ಶೋಕ್ದೆ ಹಂಚುತ್ತಿದ್ದಳು. ತನ್ನನ್ನು ಓಡಿಸಲು ಸೇರಿದವರಿಗೆ, ತಾನೇ ಮರಗೆಣಸು ಬೇಯಿಸಿ, ಅಗಿದು, ಹುದುಗು ಬರಿಸಿದ ಶೋಕ್ದೆ.

"ಅಕ್ಕಾ, ಬಂದ್ಯಾ? ಕೂತ್ಕೋ, ಮೊದ್ಲು ಕುಡಿ," ಎಂದ ಸೆಲೆಸ್ತಿನೋ.

"ಕುಡಿಯೋಕೆ ಬಂದಿಲ್ಲ. ನನ್ನ ಮಗಳಿಗೆ ಏನಂದೆ ನೀನು?"

"ನಾನೆಲ್ಲಿ ಅಂದೆ? ಬಾಣ ಹೇಳ್ತಿದೆ."

"ಓಹೋ! ನಿಮ್ಮ ಭಾವ ಸಾಯೋವರೆಗೂ ಬಾಣ ಮಾಡಿದ, ಒಂದೂ ಅವನ ಹತ್ರ ಬಾಯಿ ಬಿಡ್ಲಿಲ್ಲ. ನಿನ್ನ ಹತ್ರ ಮಾತಾಡ್ತದಾ?"

ಯಾರೋ ಕಿಸಕ್ಕೆಂದರು. ಸೆಲೆಸ್ತಿನೋ ಅತ್ತ ಕಣ್ಣು ಬಿಟ್ಟ.

ಎಮಿಲಿಯಾನಾ ಅಳಿಯನ ಕಡೆ ತಿರುಗಿದಳು. ಲೋರ್ಹಿಯೋ ಕಂಬದ ಬುಡದಲ್ಲಿ ಕಾಲ್ಬೆರಳಿಂದ ಮಣ್ಣು ಕೆದಕುತ್ತಿದ್ದ.

"ಏಯ್, ಇಲ್ನೋಡು. ಬಾಣ ಎಲ್ಲಿ ಬೀಳ್ತದೆ?"

"ಎಡಕ್ಕೆ, ಅತ್ತೆ."

"ಹಂದಿಗೆ ಬಿಟ್ರೆ?"

"ಎಡಕ್ಕೆ."

"ಕೋತಿಗೆ?"

"ಅದೂ ಎಡಕ್ಕೇ."

"ಕೇಳಿದ್ರೇನ್ರೋ? ನನ್ನ ಮಗಳ ಪಾಪ ಬರೀ ಎಡಗಡೆ ನಡೀತದಂತೆ! ಬಲಕ್ಕೆ ಹೋಗೋ ದಾರಿ ಅದಕ್ಕೆ ಗೊತ್ತಿಲ್ವಂತೆ! ಕಾಡಿನ ಒಡೆಯರಿಗೂ ಬಲಗೈ ಬಿದ್ದೋಗಿದ್ಯಾ?"

ಹೀಗೆಂದವಳೇ ಸೀದಾ ಬೇಲಿಗೆ ಹೋಗಿ ಲೋರ್ಹಿಯೋನ ಕರಿತಾಳೆಯ ಬಿಲ್ಲನ್ನು ಎತ್ತಿಕೊಂಡಳು.

"ಅಕ್ಕಾ, ಮುಟ್ಬೇಡ!" ಸೆಲೆಸ್ತಿನೋ ಕುಡಿಯುತ್ತಿದ್ದುದನ್ನು ಚೆಲ್ಲಿಕೊಂಡ.

ಅವಳು ಹೆದೆ ಎಳೆದಳು. ಬೆನ್ನು ಬಾಗಿದ, ಹಲ್ಲು ನಾಲ್ಕೇ ಉಳಿದ ಮುದುಕಿ ಹೆದೆಯನ್ನು ಕಿವಿಯವರೆಗೂ ಎಳೆದು ನಿಂತುಬಿಟ್ಟಳು.

"ಇವರ ಮದ್ವೆ ದಿನ ಇದೇ ಬಿಲ್ಲು ಎಳೆಯೋಕೆ ಹೋಗಿ ನೀನು ಹೂಸು ಬಿಟ್ಟಿದ್ದೆ, ನೆನಪಿದ್ಯಾ ಸೆಲೆಸ್ತಿನೋ? ಹೊಳೆ ಆಚೆ ನಾಯಿಗಳೆಲ್ಲ ಬೊಗಳಿದ್ವು. ಇವತ್ತು ನಾನು ಎಳೀತಿದ್ದೀನಿ. ಯಾಕಂತೆ?"

ಬಿಲ್ಲಿನ ಒಳಮೈ ಮೇಲೆ ಹೆಬ್ಬೆರಳು ಆಡಿಸಿದಳು. ಮಸಿ ಬಳಿದಿತ್ತು. ಉಗುಳು ಹಚ್ಚಿ ಉಜ್ಜಿದಾಗ ಚಾಕುವಿನಿಂದ ಕೆರೆದ ಗೆರೆಗಳು ಸಾಲಾಗಿ ಎದ್ದವು.

"ಲೋರ್ಹಿಯೋ."

ಅವನ ಮುಖ ಅಳುವ ಹಾಗಾಯಿತು. "ಜ್ವರ ಬಂದಿತ್ತಲ್ಲ ಅತ್ತೆ... ಎದ್ದ ಮೇಲೆ ತೋಳಲ್ಲಿ ಬಲ ಇರ್ಲಿಲ್ಲ. ಎಳೆಯೋಕಾಗ್ಲಿಲ್ಲ. ಯಾರಿಗಾದ್ರೂ ಗೊತ್ತಾದ್ರೆ ನಾಚ್ಕೆ ಅಂತ ಒಂಚೂರು ಕೆರೆದು ಸಡಿಲ ಮಾಡ್ಕೊಂಡೆ."

"ನಾಚ್ಕೆ! ನಿನ್ನ ತೋಳಿನ ನಾಚ್ಕೇನ ನನ್ನ ಮಗಳ ತಲೆ ಮೇಲೆ ಹೊರಿಸಿ, ಅವಳ ಕೈಲೇ ಕುಡೀತಾ ಕೂತಿದ್ಯಾ? ಥೂ!"

ಸೆಲೆಸ್ತಿನೋ ಅಷ್ಟಕ್ಕೆ ಸೋಲುವವನಲ್ಲ. "ಬಿಲ್ಲು ಸಡಿಲಾದ್ರೆ ಬಾಣ ಹತ್ರ ಬೀಳ್ಬೇಕು. ಎಡಕ್ಕೆ ಯಾಕೆ ಹೋಗ್ತದೆ? ಬಿಲ್ಲಿನ ವಿಷ್ಯ ಹೆಂಗಸಿಗೇನು ಗೊತ್ತು?"

ಸಾಂತೋಸ್ ಹೇಳ್ತಿದ್ದ ಅಂದುಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಸತ್ತವನ ಹೆಸರು ಉಳಿಯುತ್ತಿತ್ತು, ಮೂವತ್ತೆಂಟು ವರ್ಷದ ಗುಟ್ಟೂ ಉಳಿಯುತ್ತಿತ್ತು. ಆದರೆ ಬರೀ ಮಾತಿಗೆ ಈ ತಮ್ಮ ಬಗ್ಗುವವನಲ್ಲ. ನೆಮೆಸಿಯಾ ಬುರುಡೆ ಹಿಡಿದು ನಿಂತಲ್ಲೇ ನಿಂತಿದ್ದಳು. ಅವಳ ಮುಖ ನೋಡಿದ್ದೇ ಎಮಿಲಿಯಾನಾಳ ಬಾಯಿಂದ ಬೇರೆಯೇ ಮಾತು ಹೊರಟಿತು.

"ಗೊತ್ತು. ಯಾಕಂದ್ರೆ ಬಾಣ ನೋಡ್ತಿದ್ದವಳು ನಾನು. ಸಾಂತೋಸ್‌ಗೆ ಬೆರಳೆಲ್ಲಿತ್ತು? ಬಗ್ಗಿಸಿದ್ದು ನಾನು, ತೂಗಿದ್ದು ನಾನು. ಅವನು ಗರಿ ಕಟ್ಟಿ ಮೀಸೆ ತಿರುವ್ತಿದ್ದ, ಅಷ್ಟೇ."

"ಸುಳ್ಳು!"

"ಸುಳ್ಳಾ? ನೀನು ತಿಂದ ಒಂದೊಂದು ಹಂದಿನೂ ನನ್ನ ಕೈ ಮುಟ್ಟಿದ ಬಾಣಕ್ಕೇ ಬಿದ್ದಿದ್ದು ಕಣೋ. ಹೆಂಗಸು ಮುಟ್ಟಿದ್ದು ಬೇಡ ಅಂದ್ರೆ ಉಗುಳು. ಮೂವತ್ತೆಂಟು ವರ್ಷದ ಮಾಂಸ ಪೂರ್ತಿ ಇಲ್ಲೇ ಉಗುಳು. ನಾನು ಕಾಯ್ತೀನಿ."

ಯಾರೂ ಉಗುಳಲಿಲ್ಲ. ಒಬ್ಬ ಮುದುಕ ಮಾತ್ರ ಬಾಯಿ ಮುಚ್ಚಿಕೊಂಡು ಲೆಕ್ಕ ಹಾಕುವವನಂತೆ ಹೊಟ್ಟೆ ಸವರಿಕೊಂಡ.

ಅವಳು ಬೇಲಿಯುದ್ದಕ್ಕೂ ನಡೆದಳು. ಎಲ್ಲರ ಬಾಣಗಳನ್ನೂ ಒಂದೊಂದಾಗಿ ಎತ್ತಿ ಮಂಡಿಗೆ ಒತ್ತುತ್ತಾ ಹೋದಳು. ಗಂಡಸರು ಬೆಂಕಿ ಇರುವೆ ಕಚ್ಚಿದವರಂತೆ ಎದ್ದು ನಿಂತರು. "ಅಯ್ಯೋ ನಂದು ಬೇಡ ದೊಡ್ಡಮ್ಮ!" ಎಂದು ಒಬ್ಬ ಕೈ ಮುಗಿದ. "ನಿಂದು ಹೇಗೂ ಸೊಟ್ಟ, ಸುಮ್ನಿರು," ಎಂದು ಅವನದನ್ನೂ ಬಗ್ಗಿಸಿ ಎಸೆದಳು. ಹತ್ತು ಹನ್ನೆರಡು ಎಸೆದ ಮೇಲೆ ಬಳುಕುವಂಥವು ಎರಡು ಸಿಕ್ಕವು. ಬೆರಳ ಮೇಲಿಟ್ಟು ತೂಗಿದಳು. ಒಂದನ್ನು ಬಿಸಾಡಿದಳು, ಇನ್ನೊಂದನ್ನು ಇಟ್ಟುಕೊಂಡಳು.

"ಮೊದ್ಲು ನಿನ್ನದು ಬಿಡು. ಆ ಪರಂಗಿ ಮರಕ್ಕೆ."

ಲೋರ್ಹಿಯೋ ಬಿಟ್ಟ. ಬಾಣ ಮರದ ಎಡಕ್ಕೆ ಎರಡು ಗೇಣು ಸರಿದು ಕೋಳಿಗೂಡಿಗೆ ನಾಟಿತು. ಕೋಳಿಗಳು ಊರಿಗೆಲ್ಲ ಸುದ್ದಿ ಹೇಳಿದವು.

"ಈಗ ಇದು."

ಬಾಣ ಗಾಳಿಯಲ್ಲಿ ಒಮ್ಮೆ ಬಳುಕಿದ್ದು ಎಲ್ಲರಿಗೂ ಕಂಡಿತು. ಹೋಗಿ ಮರದ ನಡುವೆ ಕೂತಿತು.

"ಇನ್ನೊಂದು ಸಲ. ನನ್ನ ತಮ್ಮನಿಗೆ ಕಣ್ಣು ಮಂಜು."

ಮೊದಲಿನ ಗಾಯದ ಪಕ್ಕದಲ್ಲೇ ಕೂತಿತು.

"ಈಗ ಹೇಳು. ಎರಡು ಬಾಣದ ನಡುವೆ ನನ್ನ ಮಗಳು ಯಾವಾಗ ಒಳ್ಳೆಯವಳಾದ್ಲು?"

ನೆಮೆಸಿಯಾ ಕೈಲಿದ್ದ ಬುರುಡೆಯನ್ನು ಗಡಿಗೆಯ ಮೇಲೆ ಬೋರಲು ಹಾಕಿದಳು. "ಬೇಕಾದೋರು ಬಗ್ಗಿಸ್ಕೊಂಡು ಕುಡೀಲಿ ಮಾವ," ಎಂದಳು. ಅಷ್ಟೂ ಹೊತ್ತಿನಲ್ಲಿ ಅವಳು ಆಡಿದ್ದು ಅದೊಂದೇ ಮಾತು. ಸೀದಾ ಹೋಗಿ ಅಮ್ಮನ ದೋಣಿಯಲ್ಲಿ ಕೂತಳು. ಅವಳನ್ನು ಯಾರೂ ಓಡಿಸಲಿಲ್ಲ, ಅವಳೇ ಹೊರಟಳು. ಲೋರ್ಹಿಯೋ ಕೆರೆದ ಬಿಲ್ಲು ಹಿಡಿದು ಹಿಂದೆಯೇ ಓಡಿ ಬಂದ. ಮೂರು ತಿರುವಿನವರೆಗೂ ಹೊಳೆಗೆ ಎದುರಾಗಿ ಅವನೊಬ್ಬನೇ ಹುಟ್ಟು ಹಾಕಿದ. ಜ್ವರದ ತೋಳಿಗೆ ಬಲ ಬಂದಿದ್ದು ಹಾಗೆ. ಅತ್ತೆ ಹೆಂಡತಿ ಇಬ್ಬರೂ ಅವನಿಗೆ ಬೆನ್ನು ಹಾಕಿ ಕೂತಿದ್ದರು.

ಹದಿನೈದು ದಿನ ಕಳೆದು ಸೆಲೆಸ್ತಿನೋ ಬಂದ. ಬಗಲಲ್ಲಿ ಹೊಸ ಬಿಲ್ಲು, ಕೈಯಲ್ಲಿ ಸುಟ್ಟ ಹಂದಿಯ ತೊಡೆ. ಅಂಗಳದ ತುದಿಯಲ್ಲೇ ನಿಂತ.

"ಅಕ್ಕಾ, ಕುಡಿಯೋ ಗಡಿಗೆ ಮುಂದೆ ಎಲ್ರಿಗೂ ಹೇಳಿದ್ದೀನಿ. ಸೊಸೇದು ತಪ್ಪಿಲ್ಲ ಅಂತ."

"ಹೇಳ್ಬೇಕಾಗಿತ್ತು, ಹೇಳಿದ್ದೀಯ. ಇನ್ನೇನು?"

"ಈ ಬಿಲ್ಲಿಗೆ... ಸಾಂತೋಸನ ಬಾಣ ಒಂದೆರಡು..."

ಎಮಿಲಿಯಾನಾ ನೂಲುತ್ತಿದ್ದ ಕದಿರು ನಿಲ್ಲಲಿಲ್ಲ. "ಸಾಂತೋಸ್ ಮಣ್ಣಲ್ಲಿದ್ದಾನೆ. ಅಲ್ಲಿಗೆ ಹೋಗಿ ಕೇಳು."

ಸೆಲೆಸ್ತಿನೋ ಹೊಳೆ ನೋಡಿದ, ಆಕಾಶ ನೋಡಿದ. ಹಂದಿ ತೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕೊನೆಗೆ ಗಂಟಲಲ್ಲೇ ಅಂದ, "ಎಮಿಲಿಯಾನಾ ಬಾಣ."

"ಏನಂದೆ? ಕಿವಿ ಕೇಳ್ಸಲ್ಲ ನಂಗೆ."

"ಎಮಿಲಿಯಾನಾ ಬಾಣ!"

ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆ ಎತ್ತಿದರು. ಆಗ ಅವಳು ಕದಿರು ಕೆಳಗಿಟ್ಟು, ಬಾಳೆಯ ಮರೆಗೆ ಹೋಗದೆ ಅಂಗಳದ ನಡುವೆಯೇ ಕೂತು, ಒಂದು ಜೊಂಡನ್ನು ಮಂಡಿಗೆ ಒತ್ತಿದಳು.

"ಆ ಬಿಲ್ಲು ಕೊಡಿಲ್ಲಿ. ಕೆರೆದಿದ್ದೀಯಾ?"